ನನ್ನನ್ನೇ ಕೇಳಿ, ಸ್ವಾಮಿ

ಮಕ್ಕಳೇ, ಗಲಗಲ ಸದ್ದು ಮಾಡುವ ಕ್ರಿಕೆಟ್ ಚೆಂಡನ್ನು ಯಾವಾಗಲಾದರೂ ಕೈಯಲ್ಲಿ ಹಿಡಿದಿದ್ದೀರಾ? ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು, ಒಳಗೆ ಉಕ್ಕಿನ ಪುಟ್ಟ ಪುಟ್ಟ ಗುಂಡುಗಳು. ಸೈಕಲ್ ಚಕ್ರದ ಬೇರಿಂಗಿನಲ್ಲಿ ಇರುತ್ತವಲ್ಲ, ಅಂಥವೇ. ಅಂಧರ ಕ್ರಿಕೆಟ್ ನಡೆಯುವುದು ಈ ಚೆಂಡಿನಲ್ಲಿ. ಬೌಲರ್ ಕೈ ಮೇಲೆತ್ತಿ ಎಸೆಯುವುದಿಲ್ಲ, ಕೆಳಗಿನಿಂದ ನೆಲಕ್ಕೆ ಉರುಳಿಸಿದ ಹಾಗೆ ಬಿಡುತ್ತಾನೆ. ಬಿಡುವುದಕ್ಕೆ ಮೊದಲು 'ರೆಡಿ?' ಅಂತ ಕೇಳಬೇಕು. ಬ್ಯಾಟ್ ಹಿಡಿದವನು ಹೂಂಗುಟ್ಟಬೇಕು. ಆಮೇಲೆ 'ಪ್ಲೇ' ಅಂತ ಕೂಗಿ ಚೆಂಡು ಬಿಡಬೇಕು. ತಂಡದ ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಕಣ್ಣು ಕಾಣದವರೇ ಇರಬೇಕು, ಉಳಿದವರಿಗೆ ಅಲ್ಪಸ್ವಲ್ಪ ಕಾಣುತ್ತದೆ. ಪೂರ್ತಿ ಕಾಣದವರು ಹೊಡೆದ ಒಂದು ರನ್ನು ಲೆಕ್ಕದಲ್ಲಿ ಎರಡು! ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಬಹಳ ಹಿಡಿಸಿದ ನಿಯಮ ಇದು. ಅದನ್ನು ಯಾರೂ ಕನಿಕರ ಅನ್ನುವುದಿಲ್ಲ, ರಿಯಾಯಿತಿ ಅನ್ನುವುದಿಲ್ಲ. ಆಟದ ನಿಯಮ ಅನ್ನುತ್ತಾರೆ, ಅಷ್ಟೇ.

ಈ ಆಟದಲ್ಲಿ ಭಾರತಕ್ಕೆ ಎರಡು ವಿಶ್ವಕಪ್ ಗೆದ್ದುಕೊಟ್ಟ ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯವರು ಎಂಬುದು ಹಿರಿಯರಿಗೆ ಗೊತ್ತಿರಬಹುದು, ನಿಮಗೆ ಗೊತ್ತಿಲ್ಲದಿದ್ದರೆ ಈಗ ತಿಳಿದುಕೊಳ್ಳಿ. ಶೇಖರ್ ನಾಯ್ಕ್. 2012ರಲ್ಲಿ ಬೆಂಗಳೂರಿನಲ್ಲಿ ಟಿ–20 ವಿಶ್ವಕಪ್, 2014ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಏಕದಿನದ ವಿಶ್ವಕಪ್, ಎರಡೂ ಫೈನಲ್ಲಿನಲ್ಲಿ ಸೋತದ್ದು ಪಾಕಿಸ್ತಾನ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಓದಿದ್ದು, ಬ್ಯಾಟ್ ಹಿಡಿದದ್ದು ನಮ್ಮೂರಿನ ಶಾರದಾದೇವಿ ಅಂಧರ ಶಾಲೆಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಲಂಬಾಣಿ ಮನೆತನದ ಹುಡುಗನಿಗೆ ಆ ಶಾಲೆಯೇ ಮನೆ.

ನಾನು ಇವತ್ತು ಹೇಳಹೊರಟಿದ್ದು ಕಪ್ಪಿನ ವಿಷಯ ಅಲ್ಲ, ಅವರ ಕಣ್ಣಿನ ವಿಷಯ. ಶೇಖರ್ ಅವರಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ತಾಯಿಯ ಕಡೆಯ ಬಂಧುಗಳಲ್ಲೂ ಹಲವರಿಗೆ ಹಾಗೇ ಇತ್ತು. ಏಳೆಂಟು ವರ್ಷದ ಹುಡುಗನಾಗಿದ್ದಾಗ ಒಮ್ಮೆ ಬಿದ್ದು ಪೆಟ್ಟಾಯಿತು. ಆ ನೆವದಲ್ಲಿ ಆರೋಗ್ಯ ಶಿಬಿರವೊಂದಕ್ಕೆ ಕರೆದೊಯ್ದರು. ಅಲ್ಲಿ ನೋಡಿದ ಡಾಕ್ಟರು, ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಸ್ವಲ್ಪ ದೃಷ್ಟಿ ಬರಬಹುದು ಅಂದರು. ಬೆಂಗಳೂರಿನಲ್ಲಿ ಮಾಡಿಸಿದರು. ಬಂತು!

ಈಗ ಸ್ವಲ್ಪ ನಿಂತು ಯೋಚಿಸಿ. ಆ ಹುಡುಗ ಆ ದಿನ ಬೀಳದೇ ಇದ್ದಿದ್ದರೆ?

ಸರಿಯಾಗಬಹುದಾಗಿದ್ದ ಒಂದು ಕಣ್ಣು ಏಳೆಂಟು ವರ್ಷ ಹಾಗೇ ಇತ್ತು. ನಮ್ಮ ಹಳ್ಳಿಗಳಲ್ಲಿ, ಪೇಟೆಗಳಲ್ಲೂ, 'ಹುಟ್ಟಿನಿಂದ ಬಂದದ್ದು' ಅಂದುಬಿಟ್ಟರೆ ಆಯಿತು, ಆಮೇಲೆ ಡಾಕ್ಟರ ಮಾತೇ ಎತ್ತುವುದಿಲ್ಲ. ಹರಕೆ ಹೊರುತ್ತಾರೆ, ತಾಯತ ಕಟ್ಟುತ್ತಾರೆ, ಪೂರ್ವಜನ್ಮದ ಲೆಕ್ಕ ತೆಗೆಯುತ್ತಾರೆ. ನನ್ನ ಪ್ರಾಯದವರಿಗೆಲ್ಲ ಇದು ಗೊತ್ತು. ಒಂದು ಮಗುವಿನ ಕಣ್ಣು ತೆರೆಯಲು ಆ ಮಗು ಬೀಳಬೇಕು, ಬಿದ್ದ ಹೊತ್ತಿಗೆ ಸರಿಯಾಗಿ ಶಿಬಿರ ನಡೆಯುತ್ತಿರಬೇಕು ಅಂದರೆ ಅದು ಅದೃಷ್ಟ. ಹಕ್ಕು ಅನ್ನುವುದು ಬೇರೆ.

ಹಕ್ಕು ಎಲ್ಲಿದೆ ಅಂತ ಕೇಳಿದರೆ, ಪುಸ್ತಕದಲ್ಲಂತೂ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಸಂಸತ್ತಿನಲ್ಲಿ ಪಾಸಾಗಿ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಲೆಕ್ಕಕ್ಕಿತ್ತು, ಹೊಸದರಲ್ಲಿ 21. (ಅಜ್ಜ–ಅಜ್ಜಿಯರು ಗಮನಿಸಬೇಕು: ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಯೂ ಆ ಪಟ್ಟಿಯಲ್ಲಿದೆ. ಕಾಯ್ದೆ ಬರೀ ಬೇರೆಯವರ ಮನೆಯದಲ್ಲ.) ಅದರ 25ನೇ ಕಲಂ ಆರೋಗ್ಯದ್ದು. ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಂದು ಸಲವಾದರೂ ತಪಾಸಣೆ ಮಾಡಿ, ಯಾರಿಗೆ ತೊಂದರೆ ಬರುವ ಸಂಭವವಿದೆ ಎಂದು ಹುಡುಕಲು ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದು ಅದರಲ್ಲಿ ಬರೆದಿದೆ. ಮಗು ಬೀಳುವವರೆಗೆ ಕಾಯಿರಿ ಅಂತ ಬರೆದಿಲ್ಲ.

ನಿಮ್ಮ ಶಾಲೆಗೆ ಡಾಕ್ಟರು, ನರ್ಸು ಒಂದು ಗಾಡಿಯಲ್ಲಿ ಬಂದು ಹಲ್ಲು, ಕಣ್ಣು, ಕಿವಿ ನೋಡಿ ಹೋಗುತ್ತಾರಲ್ಲ, ಅದು ಈ ಜಾತಿಯ ಕೆಲಸವೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಅದರ ಹೆಸರು, ಶುರುವಾದದ್ದು 2013ರಲ್ಲಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ಬಂದ ದಿನ ಮಕ್ಕಳು ಏನು ಮಾಡುತ್ತಾರೆ ಅಂತ ನನಗೆ ಗೊತ್ತಿದೆ. ಕನ್ನಡಕ ಬಂದರೆ 'ಸೋಡಾಬುಡ್ಡಿ' ಅಂತ ಕರೆಯುತ್ತಾರೆ ಎಂಬ ಹೆದರಿಕೆಗೆ, ಮುಂದೆ ನಿಂತವನು ಓದಿದ ಅಕ್ಷರಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಹಾಗೆ ಮಾಡಬೇಡಿ ಪುಟಾಣಿಗಳೇ. ಬೋರ್ಡು ಮಸುಕಾಗಿದ್ದರೆ ಮಸುಕು ಅನ್ನಿ. ಒಂದು ಕಿವಿಯಲ್ಲಿ ಮೇಷ್ಟ್ರ ಮಾತು ಕೇಳದಿದ್ದರೆ ಯಾವ ಕಿವಿ ಅಂತ ತೋರಿಸಿ. ಪಕ್ಕದಲ್ಲಿ ಕೂರುವ ಗೆಳತಿಗೆ ಹಾಗಾಗುತ್ತಿದ್ದರೆ, ಹೇಳು ಅಂತ ಅವಳಿಗೆ ಹೇಳಿ.

ಗೆಳತಿ ಅಂದದ್ದು ಬೇಕಂತಲೇ. ಅದೃಷ್ಟದ ಲೆಕ್ಕದಲ್ಲಿ ಹೆಣ್ಣುಮಕ್ಕಳ ಪಾಲು ಯಾವಾಗಲೂ ಒಂದು ಕೈ ಕಡಿಮೆ. ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. ಅಂಧ ಪುರುಷರ ಮೊದಲ ವಿಶ್ವಕಪ್ ನಡೆದದ್ದು 1998ರಲ್ಲಿ, ದೆಹಲಿಯಲ್ಲಿ. ಅಂಧ ಮಹಿಳೆಯರ ಮೊದಲ ಟಿ–20 ವಿಶ್ವಕಪ್ ನಡೆದದ್ದು 2025ರ ನವೆಂಬರಿನಲ್ಲಿ. ಕಳೆಯಿರಿ: 27 ವರ್ಷ. ಕೊಲಂಬೊದಲ್ಲಿ ನೇಪಾಳವನ್ನು ಸೋಲಿಸಿ ಆ ಕಪ್ ಎತ್ತಿದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ನಮ್ಮ ಕರ್ನಾಟಕದವರು. ಅದಕ್ಕೂ ಮೊದಲು 2023ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಂಧರ ವಿಶ್ವ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕಿ ವರ್ಷಾ ಕೂಡ ನಮ್ಮವರೇ. ಹುಡುಗಿಯರಿಗೆ ಆಡಲು ಬರುತ್ತಿರಲಿಲ್ಲ ಅಂತಲ್ಲ, ಮೈದಾನಕ್ಕೆ ಕರೆಯಲು 27 ವರ್ಷ ತಡವಾಯಿತು.

ಇನ್ನೊಂದು ಲೆಕ್ಕ. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಅದರಲ್ಲಿ ಕರ್ನಾಟಕದವರು 13.24 ಲಕ್ಷ. ದೇಶದ ಲೆಕ್ಕದಲ್ಲಿ ಗಂಡಸರು ಸುಮಾರು ಒಂದೂವರೆ ಕೋಟಿ, ಹೆಂಗಸರು 1.18 ಕೋಟಿ. ನೂರಕ್ಕೆ ಐವತ್ತಾರು, ನಲವತ್ತನಾಲ್ಕು. ಹೆಣ್ಣುಮಕ್ಕಳಿಗೆ ಕಾಯಿಲೆ ಕಡಿಮೆಯೇ? ನನಗೆ ಅನುಮಾನ. ಗಣತಿಯವರು ಬಾಗಿಲಲ್ಲಿ ನಿಂತು ಕೇಳಿದಾಗ 'ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ' ಅಂದವರು ಎಷ್ಟು ಜನ, ಮದುವೆ ಮಾತುಕತೆಗೆ ತೊಡಕಾದೀತು ಅಂತ ಒಳಗಿನ ಕೋಣೆಯಲ್ಲಿ ಕೂರಿಸಿದವರು ಎಷ್ಟು ಜನ, ಯಾವ ಲೆಡ್ಜರಿನಲ್ಲೂ ಬರೆದಿರುವುದಿಲ್ಲ.

ನಮ್ಮ ವೃತ್ತಿಯವರೊಬ್ಬರ ಹೆಸರು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಮಾಲತಿ ಹೊಳ್ಳ. 1958ರಲ್ಲಿ ಹುಟ್ಟಿದವರು. ಪೋಲಿಯೊ ಎಂಬ ಕಾಯಿಲೆಯನ್ನು ನೀವು ನೋಡಿಲ್ಲ ಮಕ್ಕಳೇ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ನಾವು ಚಿಕ್ಕವರಿದ್ದಾಗ ಪ್ರತಿ ಬೀದಿಯಲ್ಲೂ ಅದರ ಗುರುತು ಇತ್ತು. ಮಾಲತಿಯವರಿಗೆ ಎಳೆಯ ಮಗುವಾಗಿದ್ದಾಗಲೇ ಅದು ಬಂತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ಬಾಲ್ಯದ ಬಹುಭಾಗ ಮದರಾಸಿನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲೇ ಕಳೆಯಿತು. ಮುಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ, ಗಾಲಿಕುರ್ಚಿಯ ಓಟದಲ್ಲಿ, ಎಸೆತದ ಆಟಗಳಲ್ಲಿ ಲೆಕ್ಕವಿಲ್ಲದಷ್ಟು ಪದಕ, ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಅಂಗವಿಕಲ ಮಕ್ಕಳಿಗಾಗಿ 'ಮಾತೃ' ಎಂಬ ಸಂಸ್ಥೆಯನ್ನೂ ಕಟ್ಟಿದರು. ಜನ ಅವರ ಪದಕ ಎಣಿಸುತ್ತಾರೆ, ನಾನು ಆ ಮೂವತ್ತು ಶಸ್ತ್ರಚಿಕಿತ್ಸೆಗಳನ್ನು ಎಣಿಸುತ್ತೇನೆ. ಹೆಣ್ಣು ಮಗುವಿನ ಕಾಲಿಗೆ ಮೂವತ್ತು ಸಲ ಆಸ್ಪತ್ರೆಗೆ ಹೋಗಲು ಒಪ್ಪಿದ ತಂದೆತಾಯಿ ಅದೆಂಥವರಿರಬೇಕು!

ಈಗ ಭದ್ರಾವತಿಗೆ ಬನ್ನಿ. ಅಲ್ಲಿ ನನ್ನ ತಂಗಿಯ ಮೊಮ್ಮಗಳಿದ್ದಾಳೆ. ಹತ್ತೊಂಬತ್ತು ವರ್ಷ, ಎರಡನೇ ವರ್ಷದ ಬಿ.ಕಾಂ. ಎರಡೂ ಕಾಲಿಗೆ ಬಲವಿಲ್ಲ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ನನ್ನ ಓದೂ ಬಿ.ಕಾಂ. ಆದ್ದರಿಂದ ನಮ್ಮಿಬ್ಬರ ನಡುವೆ ಸವಕಳಿ ಲೆಕ್ಕ, ಜಮಾ ಖರ್ಚಿನ ಜಗಳ ನಡೆಯುತ್ತಲೇ ಇರುತ್ತದೆ. ಹೋದ ವರ್ಷ ಅವಳಿಗೆ ಪದೇ ಪದೇ ಚಳಿಜ್ವರ ಬಂತು. ಮಾತ್ರೆ ನುಂಗಿದರೆ ಇಳಿಯುತ್ತದೆ, ತಿಂಗಳು ಕಳೆಯುವುದರೊಳಗೆ ಮತ್ತೆ ಬರುತ್ತದೆ. ಮೂರನೆಯ ಸಲ ಬಂದಾಗ ಅವಳಮ್ಮ ಒಂದು ಆಸ್ಪತ್ರೆಗೆ ಕರೆದುಕೊಂಡು ಹೊರಟಳು, ಜೊತೆಗೆ ನಾನೂ ಹೋದೆ.

ಮೊದಲು ತೂಕ ನೋಡಬೇಕು ಅಂದರು. ತೂಕದ ಯಂತ್ರದ ಮೇಲೆ ನಿಲ್ಲಬೇಕು. ನಿಲ್ಲಲು ಆಗದವರಿಗೆ ಏನು? 'ಒಂದು ನಲವತ್ತೈದು ಇರಬಹುದು, ಬರ್ಕೊಳ್ಳಿ' ಅಂದರು. ಔಷಧಿಯ ಪ್ರಮಾಣ ಎಷ್ಟೋ ಸಲ ತೂಕದ ಮೇಲೆ ನಿಂತಿರುತ್ತದೆ. ಬ್ಯಾಂಕಿನಲ್ಲಿ ಯಾರಾದರೂ 'ಒಂದು ನಲವತ್ತೈದು ಸಾವಿರ ಇರಬಹುದು' ಅಂತ ಲೆಡ್ಜರಿನಲ್ಲಿ ಬರೆದಿದ್ದರೆ ಆ ಸಂಜೆಯೇ ಮನೆಗೆ ಕಳಿಸುತ್ತಿದ್ದರು. ಆಮೇಲೆ ಪರೀಕ್ಷೆಯ ಮಂಚ. ಅದು ನನ್ನ ಸೊಂಟಕ್ಕಿಂತ ಎತ್ತರ, ಹತ್ತಲು ಒಂದು ಕಬ್ಬಿಣದ ಮೆಟ್ಟಿಲು. ಇಬ್ಬರು ಗಂಡಸರು ಬಂದು ಎತ್ತಿ ಮಲಗಿಸುತ್ತೇವೆ ಅಂದರು. ಹುಡುಗಿ ಬೇಡ ಅಂದಳು. ಪ್ರಾಯದ ಹುಡುಗಿ, ಗುರುತಿಲ್ಲದ ಇಬ್ಬರು ಗಂಡಸರು ಮೈ ಮುಟ್ಟಿ ಎತ್ತುವುದಕ್ಕೆ ಹೇಗೆ ಒಪ್ಪುತ್ತಾಳೆ? ಹಿಂದಿನ ಒಂದು ವರ್ಷ ಹೊಟ್ಟೆನೋವು ಬಂದಾಗಲೆಲ್ಲ 'ಆಸ್ಪತ್ರೆ ಬೇಡ, ಬಿಸಿನೀರಿನ ಚೀಲ ಕೊಡಿ' ಅನ್ನುತ್ತಿದ್ದಳಲ್ಲ, ಕಾರಣ ಅಂದು ಅರ್ಥವಾಯಿತು.

ಡಾಕ್ಟರು ಒಳ್ಳೆಯವರೇ. ಆದರೆ ಅವರೂ ಪ್ರಶ್ನೆ ಕೇಳಲು ಶುರು ಮಾಡಿದ್ದು ಅವಳಮ್ಮನನ್ನು. 'ಇವಳಿಗೆ ಜ್ವರ ಯಾವಾಗಿನಿಂದ? ಊಟ ಮಾಡ್ತಾಳಾ? ನಿದ್ದೆ ಬರತ್ತಾ?' ಮೂರು ಪ್ರಶ್ನೆ ಕೇಳಿಸಿಕೊಂಡ ಹುಡುಗಿ ಮೆಲ್ಲನೆ, 'ಡಾಕ್ಟ್ರೇ, ಜ್ವರ ಬಂದಿರೋದು ಅಮ್ಮನಿಗಲ್ಲ, ನನಗೆ' ಅಂದಳು.

ಡಾಕ್ಟರು ನಕ್ಕುಬಿಟ್ಟರು. ಕುರ್ಚಿ ಎಳೆದುಕೊಂಡು ಅವಳ ಎದುರಿಗೇ, ಅವಳ ಕಣ್ಣಿನ ಮಟ್ಟಕ್ಕೆ ಕೂತರು. ಅಮ್ಮನನ್ನೂ ನನ್ನನ್ನೂ ಹೊರಗೆ ಕೂರಲು ಹೇಳಿದರು. ಹತ್ತು ನಿಮಿಷದಲ್ಲಿ ಕಾಯಿಲೆಯ ಬುಡ ಸಿಕ್ಕಿತು. ಕಾಲೇಜಿನಲ್ಲಿ ಗಾಲಿಕುರ್ಚಿ ಹೋಗುವಂಥ ಶೌಚಾಲಯವೇ ಇಲ್ಲ. ಅದಕ್ಕೆ ಅವಳು ಕಾಲೇಜಿರುವ ದಿನ ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಮನೆಗೆ ಬರುವವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕಾಲೇಜು ಬಿಡಿಸುತ್ತಾರೆ ಎಂಬ ಭಯ. ನೀರು ಕುಡಿಯದೆ ಇಡೀ ದಿನ ಮೂತ್ರ ತಡೆದುಕೊಂಡರೆ ಮೂತ್ರನಾಳದಲ್ಲಿ ಸೋಂಕು ಬರುತ್ತದೆ, ಅದರಿಂದಲೇ ಚಳಿಜ್ವರ. ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೇ ಅಪಾಯ ಅಂದರು ಡಾಕ್ಟರು. ಅಮ್ಮನನ್ನು ಕೇಳುತ್ತಲೇ ಇದ್ದಿದ್ದರೆ ಇದು ನೂರು ಪ್ರಶ್ನೆಗೂ ಹೊರಬರುತ್ತಿರಲಿಲ್ಲ, ಯಾಕೆಂದರೆ ಅಮ್ಮನಿಗೇ ಗೊತ್ತಿರಲಿಲ್ಲ.

ಕಾಲೇಜಿನವರ ಹತ್ತಿರ ಮಾತಾಡಿದೆವು. ಒಂದು ಶೌಚಾಲಯದ ಬಾಗಿಲು ಅಗಲ ಮಾಡಿಸಿದ್ದಾರೆ. ಗೋಡೆಗೆ ಹಿಡಿಕೆ ಹಾಕಿಸುತ್ತೇವೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ಬರುವವರೆಗೆ ನಾನು ತಿಂಗಳಿಗೊಮ್ಮೆ ಫೋನು ಮಾಡುತ್ತಲೇ ಇರುತ್ತೇನೆ, ಬಾಕಿ ವಸೂಲಿ ನನಗೆ ಹೊಸತಲ್ಲ.

ಜೊತೆಯಲ್ಲಿ ಬಂದವರನ್ನು ಕೇಳುವ ಈ ಅಭ್ಯಾಸ ಆಸ್ಪತ್ರೆಯದ್ದು ಮಾತ್ರವಲ್ಲ. ನಾನು ಭದ್ರಾವತಿಯ ಒಂದು ಶಾಖೆಯಲ್ಲಿದ್ದ ದಿನಗಳಲ್ಲಿ ಕಣ್ಣು ಕಾಣದ ಒಬ್ಬ ಹೆಂಗಸು ತಮ್ಮನ ಕೈ ಹಿಡಿದು ಬರುತ್ತಿದ್ದರು. ಪಕ್ಕದ ಕೌಂಟರಿನವರು ತಮ್ಮನ ಮುಖ ನೋಡಿ, 'ಇವರಿಗೆ ಎಷ್ಟು ಬೇಕಂತೆ?' ಅಂದರು. ಆಕೆ ಗಟ್ಟಿ ದನಿಯಲ್ಲಿ ಹೇಳಿದ್ದು ಇಡೀ ಶಾಖೆಗೆ ಕೇಳಿಸಿತು: 'ದುಡ್ಡು ನನ್ನದು, ಸಹಿ ನನ್ನದು. ನನ್ನನ್ನೇ ಕೇಳಿ, ಸ್ವಾಮಿ.' ಆಕೆಗೆ ಚೆಕ್ ಪುಸ್ತಕ ಬೇಕಿತ್ತು. ಕಣ್ಣು ಕಾಣದವರಿಗೆ ಕೊಡಲು ಬರುವುದಿಲ್ಲ ಅಂದರು ಮೇಲಿನವರು. 2008ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂತು: ದೃಷ್ಟಿ ಇಲ್ಲದವರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್, ಸಾಲ, ಯಾವುದನ್ನೂ ತಾರತಮ್ಯ ಮಾಡದೆ ಕೊಡತಕ್ಕದ್ದು. ಆಗ ನನ್ನ ನಿವೃತ್ತಿಗೆ ಇನ್ನು ನಾಲ್ಕೇ ವರ್ಷ ಉಳಿದಿತ್ತು. ಆ ಸುತ್ತೋಲೆ ಓದುವಾಗ ನನಗೆ ನೆನಪಾದದ್ದು ಆಕೆಯ ದನಿ.

ಬ್ಯಾಂಕಿನಲ್ಲಿ ಇನ್ನೊಬ್ಬರನ್ನು ಕೇಳಿದರೆ ದುಡ್ಡು ಹೋಗಬಹುದು, ಆಸ್ಪತ್ರೆಯಲ್ಲಿ ಹೋಗುವುದು ಬೇರೆ. ಕಿವಿ ಕೇಳದ, ಮಾತು ಬಾರದ ಯುವತಿಯೊಬ್ಬಳು ಹೆಂಗಸರ ಡಾಕ್ಟರ ಹತ್ತಿರ ಹೋಗಬೇಕು ಅಂದುಕೊಳ್ಳಿ. ಅವಳ ಕೈಭಾಷೆ ತಿಳಿದವನು ಮನೆಯಲ್ಲಿ ಭಾವ ಒಬ್ಬನೇ. ಭಾವನ ಮುಂದೆ ಅವಳು ತನ್ನ ಮುಟ್ಟಿನ ತೊಂದರೆಯನ್ನು ಹೇಳಿಕೊಳ್ಳುತ್ತಾಳೆಯೇ? ಇನ್ನು ಆಸ್ಪತ್ರೆಯ ಹೊರಗೆ ನಂಬರು ಕೂಗುವವರು ಕೂಗುತ್ತಾರೆ, ಅವಳಿಗೆ ಕೇಳಿಸುವುದಿಲ್ಲ, ಸರದಿ ತಪ್ಪಿ ಹೋಗುತ್ತದೆ. ಒಂದು ಬೋರ್ಡಿನಲ್ಲಿ ನಂಬರು ತೋರಿಸಿದರೆ ಮುಗಿಯಿತು. ಕಿವಿ ಮಂದವಾದ ನನ್ನಂಥ ಮುದುಕರಿಗೂ ಉಪಕಾರ.

ಮುಂದಿನ ಮಾತು ಹಿರಿಯರಿಗೆ, ಮಕ್ಕಳು ಓದಿದರೂ ಅಡ್ಡಿಯಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಿರುವ ಹೆಣ್ಣುಮಗು ದೊಡ್ಡವಳಾದಾಗ ಮನೆಯಲ್ಲಿ ಒಂದು ಮಾತು ಏಳುತ್ತದೆ: 'ಇವಳಿಗೆ ತಿಂಗಳು ತಿಂಗಳು ಈ ಫಜೀತಿ ಯಾಕೆ, ಗರ್ಭಕೋಶ ತೆಗೆಸಿಬಿಟ್ಟರೆ ಒಳ್ಳೆಯದಲ್ಲವೇ?' ಹೇಳುವವರು ಕೆಟ್ಟವರಲ್ಲ. ದಣಿದಿರುತ್ತಾರೆ, ಹೆದರಿರುತ್ತಾರೆ, ತಾವು ಹೋದ ಮೇಲೆ ಯಾರು ನೋಡುತ್ತಾರೆ ಎಂಬ ಸಂಕಟ. ಆದರೂ ಆ ದೇಹ ಆ ಹುಡುಗಿಯದು. 1994ರಲ್ಲಿ ಪುಣೆಯಲ್ಲಿ ಸರ್ಕಾರಿ ವಸತಿಗೃಹದ ಇಂಥ ಹುಡುಗಿಯರಿಗೆ ಹೀಗೆ ಗರ್ಭಕೋಶ ತೆಗೆಸಿದಾಗ ದೇಶವೇ ಎದ್ದು ಕೇಳಿತು. 2009ರಲ್ಲಿ ಚಂಡೀಗಡದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ಆಶ್ರಯದಲ್ಲಿದ್ದ, ಬುದ್ಧಿಯ ಬೆಳವಣಿಗೆ ತುಸು ನಿಧಾನವಿದ್ದ ಯುವತಿ ತಾಯಿಯಾಗಲಿದ್ದಳು. ಆ ಮಗು ಬೇಡ ಅಂದಿತು ಆಡಳಿತ, ತನಗೆ ಬೇಕು ಅಂದಳು ಅವಳು. ಅವಳ ಒಪ್ಪಿಗೆ ಇಲ್ಲದೆ ಆಗದು ಅಂದಿತು ಕೋರ್ಟು. 2016ರ ಕಾಯ್ದೆಯ 10ನೇ ಕಲಂ ಇದನ್ನೇ ಬರೆದಿಟ್ಟಿದೆ: ಅಂಗವಿಕಲರ ಸ್ವಂತ ಇಚ್ಛೆಯ, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯೂ ಕೂಡದು. ಮುಟ್ಟಿನ ನೈರ್ಮಲ್ಯವನ್ನು ಚಿತ್ರ ತೋರಿಸಿ, ಗೊಂಬೆ ಇಟ್ಟುಕೊಂಡು, ನೂರು ಸಲವಾದರೂ ಹೇಳಿಕೊಡಬಹುದು. ಬಹಳ ಹುಡುಗಿಯರು ಕಲಿಯುತ್ತಾರೆ. ತಾಳ್ಮೆ ಬೇಕು, ಆ ತಾಳ್ಮೆ ಮನೆ ತುಂಬ ಯಾರ ಹತ್ತಿರ ಇರುತ್ತದೆ ಅಂದರೆ ಅಜ್ಜಿಯರ ಹತ್ತಿರ.

25ನೇ ಕಲಮಿನಲ್ಲಿ ಇನ್ನೂ ಇದೆ. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ಎಲ್ಲ ಭಾಗಗಳಿಗೂ ಅಡೆತಡೆ ಇಲ್ಲದೆ ಹೋಗುವಂತಿರಬೇಕು. ನೋಡುವಾಗ, ಚಿಕಿತ್ಸೆ ಕೊಡುವಾಗ ಅಂಗವಿಕಲರಿಗೆ ಆದ್ಯತೆ ಕೊಡಬೇಕು. ಮನೆಯ ಆದಾಯ ಮಿತಿಯೊಳಗಿದ್ದರೆ, ಹಳ್ಳಿಗಳಲ್ಲಂತೂ ವಿಶೇಷವಾಗಿ, ಹತ್ತಿರದಲ್ಲೇ ಉಚಿತ ಚಿಕಿತ್ಸೆ ಸಿಗಬೇಕು. ಅಂಗವಿಕಲ ಹೆಣ್ಣುಮಕ್ಕಳ ಗರ್ಭಕೋಶದ, ಹೆರಿಗೆಯ ಆರೋಗ್ಯವನ್ನೂ ನೋಡಿಕೊಳ್ಳಬೇಕು. ಮೆಗ್ಗಾನ್ ಆಸ್ಪತ್ರೆಯ ಮುಂದೆ ಬೆಳಿಗ್ಗೆ ನಿಂತು ನೋಡಿ, ಜಿಲ್ಲೆಯ ಎಷ್ಟು ಮೂಲೆಗಳಿಂದ ಜನ ಬಂದು ಇಳಿಯುತ್ತಾರೆ. ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲಿನ ಮಟ್ಟಕ್ಕಿರುವಾಗ, 'ಹತ್ತಿರದಲ್ಲೇ' ಎಂಬ ಆ ಒಂದು ಪದದ ಬೆಲೆ ಎಷ್ಟು ಅಂತ ಆಗ ತಿಳಿಯುತ್ತದೆ.

ಉಪಯೋಗಕ್ಕೆ ಬರುವ ನಾಲ್ಕು ಮಾತು ಬೇಗ ಹೇಳಿಬಿಡುತ್ತೇನೆ, ಅಜ್ಜಂದಿರು ಡೈರಿಯಲ್ಲಿ ಬರೆದುಕೊಳ್ಳಲಿ. ಮೊದಲು ಯುಡಿಐಡಿ ಎಂಬ ಗುರುತಿನ ಚೀಟಿ ಮಾಡಿಸಬೇಕು, ಶೇಕಡ 40 ಮತ್ತು ಮೇಲ್ಪಟ್ಟ ಅಂಗವೈಕಲ್ಯವಿದ್ದರೆ ಬಹಳಷ್ಟು ಸೌಲಭ್ಯದ ಬಾಗಿಲು ಅದರಿಂದಲೇ ತೆಗೆಯುವುದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಬಹಳ ಜನರಿಗೆ ಗೊತ್ತೇ ಇಲ್ಲ. ಅವರೂ ಹೆಚ್ಚಾಗಿ ಅಂಗವಿಕಲರೇ, ಅರ್ಜಿ ತುಂಬಲು ಅವರನ್ನೇ ಕೇಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 'ನಿರಾಮಯ' ಎಂಬ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ. ವಿಮೆ ಮಾಡಿಸುವ ಮುಂಚೆ ವೈದ್ಯಕೀಯ ಪರೀಕ್ಷೆ ಬೇಡ, ಕಂತೂ ಕಡಿಮೆ. ಕಣ್ಣು ಕಾಣದ ತಾಯಂದಿರಿಗೆ ಮಗು ಸಾಕಲು ಕರ್ನಾಟಕ ಸರ್ಕಾರದ ಶಿಶುಪಾಲನಾ ಭತ್ಯೆ ಉಂಟು. ಎಲ್ಲೂ ನ್ಯಾಯ ಸಿಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯಬಹುದು. ಕಾಯ್ದೆ ಮೀರಿದವರಿಗೆ ಮೊದಲ ಸಲ 10 ಸಾವಿರದವರೆಗೆ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ.

ಇನ್ನು ಮಕ್ಕಳಿಗೆ ಈ ವಾರದ ಲೆಕ್ಕ. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದು ಸೂತ್ರವಿದೆ: ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ನಮ್ಮ ಬಡಾವಣೆಯ ಒಂದು ಕಟ್ಟಡಕ್ಕೆ ಆರು ಇಂಚಿನ ಮೂರು ಮೆಟ್ಟಿಲು, ಅಂದರೆ ಒಂದೂವರೆ ಅಡಿ ಎತ್ತರ. ಇಳಿಜಾರಿನ ಉದ್ದ ಎಷ್ಟಿರಬೇಕು? ಬಾಯಿಲೆಕ್ಕ ಮಾಡಿ. ಹದಿನೆಂಟು ಅಡಿ. ಅಲ್ಲಿ ಇರುವುದು ಆರು ಅಡಿ! ಅದು ಗಾಲಿಕುರ್ಚಿಗಲ್ಲ, ಸ್ಕೂಟರ್ ಹತ್ತಿಸಲು ಕಟ್ಟಿದ್ದು. ಈ ಭಾನುವಾರ ನಿಮ್ಮ ಶಾಲೆಯದ್ದು, ಹತ್ತಿರದ ಆಸ್ಪತ್ರೆಯದ್ದು, ಬ್ಯಾಂಕಿನದ್ದು ಅಳೆಯಿರಿ. ಬಾಗಿಲ ಅಗಲವನ್ನೂ ಬರೆದುಕೊಳ್ಳಿ, 90 ಸೆಂಟಿಮೀಟರ್ ಇರಬೇಕು. ಶೌಚಾಲಯದ ಬಾಗಿಲನ್ನು ಮರೆಯಬೇಡಿ. ಒಂದು ಅಂಚೆ ಕಾರ್ಡಿನಲ್ಲಿ ಎತ್ತರ, ಉದ್ದ, ಅಗಲ ಮೂರನ್ನೂ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಇನ್ನೊಂದು ಕಾರ್ಡನ್ನು ಆ ಕಟ್ಟಡದ ಮುಖ್ಯಸ್ಥರಿಗೇ ಹಾಕಿ. ಟೇಪಿನ ಒಂದು ತುದಿಯನ್ನು ಅಜ್ಜನೋ ಅಜ್ಜಿಯೋ ಕೂತಲ್ಲೇ ಹಿಡಿದಿರಲಿ, ಇನ್ನೊಂದು ತುದಿ ಹಿಡಿದು ಓಡಲು ನೀವಿದ್ದೀರಲ್ಲ.